ಮುನಿಯಲ್ಲಮ್ಮನ ಬಿಪಿ, ಸುಬ್ಬಮ್ಮನ ಬಾಯಿ

ಕೊಡಿಗೇಹಳ್ಳಿಯ ಆನಂದಪ್ಪನ ಹೆಂಡತಿ ಮುನಿಯಲ್ಲಮ್ಮ. ತೀರಿಕೊಂಡಾಗ ಐವತ್ತೆಂಟು ವರ್ಷ. ತವರು ಬಾಗಲಗುಂಟೆ. ಒಬ್ಬಳೇ ಮಗಳು ಹರ್ಷಿತಾ, ಹೆಬ್ಬಾಳದ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಗಂಡನ ಅಣ್ಣ ಮುನಿಕೃಷ್ಣಪ್ಪ. ಅವನ ಹೆಂಡತಿ ಸುಬ್ಬಮ್ಮ, ಮುನಿಯಲ್ಲಮ್ಮನಿಗೆ ವಾರಗಿತ್ತಿ. ಹಳೆಯ ಮನೆ ಭಾಗವಾದಾಗ ನಡುವೆ ಎದ್ದ ಗೋಡೆಯ ಆ ಪಕ್ಕ ಒಬ್ಬಳು, ಈ ಪಕ್ಕ ಒಬ್ಬಳು ಸಂಸಾರ ಮಾಡಿದರು. ಸತ್ತವರ ಗುಣಗಾನ ಮಾಡುವುದು ಲೋಕರೂಢಿ. ಮುನಿಯಲ್ಲಮ್ಮನ ವಿಷಯದಲ್ಲಿ ಆ ರೂಢಿಯನ್ನು ಪಾಲಿಸಿದರೆ ಮೊದಲು ನಗುವವಳು ಸುಬ್ಬಮ್ಮ. ಎರಡನೆಯವಳು, ಎದ್ದು ಬರಲಾಗಿದ್ದರೆ, ಮುನಿಯಲ್ಲಮ್ಮನೇ.

ಮುನಿಯಲ್ಲಮ್ಮನದು ಪಾತ್ರೆ ಬಾಡಿಗೆಯ ವ್ಯಾಪಾರ. ಗೃಹಪ್ರವೇಶ, ನಾಮಕರಣ, ತಿಥಿ, ಯಾವುದೇ ಇರಲಿ, ಸುತ್ತಲಿನ ನಾಲ್ಕು ಬಡಾವಣೆಗಳ ಅನ್ನ ಬೇಯುತ್ತಿದ್ದದ್ದು ಅವಳ ಕೊಳಗಗಳಲ್ಲಿ. ಕೆಲಸಗಾರ್ತಿಯೆಂಬುದನ್ನು ಸುಬ್ಬಮ್ಮನೂ ಅಲ್ಲಗಳೆಯುತ್ತಿರಲಿಲ್ಲ. ಹಿಂತಿರುಗಿ ಬಂದ ಪ್ರತಿ ಪಾತ್ರೆಯನ್ನೂ ಮುನಿಯಲ್ಲಮ್ಮ ತನ್ನ ಮುಂದೆ ಇಡಿಸಿಕೊಂಡು, ಕಬ್ಬಿಣದ ಸೌಟಿನಿಂದ ಅಂಚಿಗೆ ಒಂದು ಏಟು ಕೊಟ್ಟು, ಸದ್ದು ಆರುವವರೆಗೆ ಕಿವಿಗೊಟ್ಟು ಕೇಳುತ್ತಿದ್ದಳು. ತಳ ಸೀಳಿದ ಪಾತ್ರೆ ಬೇರೆ ದನಿ ಕೊಡುತ್ತದೆ. ತಂದವನು ಎಷ್ಟು ಆಣೆ ಇಟ್ಟರೂ ಅವಳು ನಂಬುತ್ತಿದ್ದದ್ದು ಪಾತ್ರೆಯ ಮಾತನ್ನು. ಒಂದು ಏಟು, ಮೌನ, ಮತ್ತೊಂದು ಏಟು, ಮತ್ತೆ ಮೌನ. ಗೋಡೆಯ ಈ ಪಕ್ಕ ರಾಗಿ ಮುದ್ದೆ ತೊಳಸುತ್ತಿದ್ದ ಸುಬ್ಬಮ್ಮನ ಕಿವಿಗೆ ಆ ಸದ್ದು ವರ್ಷಗಟ್ಟಲೆ ಬಿದ್ದಿತ್ತು.

ಜಗಳ ಹುಟ್ಟಿದ್ದು ಒಂದು ತಾಮ್ರದ ಹಂಡೆಯಿಂದ. ಅತ್ತೆಯ ಕಾಲದ ಹಂಡೆ; ಆ ಮನೆಗೆ ಬಂದ ಸೊಸೆಯರೆಲ್ಲ ಮೊದಲ ಎಣ್ಣೆನೀರು ಹಾಕಿಸಿಕೊಂಡದ್ದು ಅದರ ಬಿಸಿನೀರಿನಲ್ಲಿ. ಪಾಲಾಗುವಾಗ ಅದು ಹಿರಿಯ ಸೊಸೆ ಸುಬ್ಬಮ್ಮನಿಗೆ ಬಂತು. ಅವಳು ತವರಿಗೆ ಹೋಗಿದ್ದಾಗ, ಒಂದು ದೊಡ್ಡ ಮದುವೆಗೆ ಪಾತ್ರೆ ಸಾಲದೆ, ಮುನಿಯಲ್ಲಮ್ಮ ಆ ಹಂಡೆಯನ್ನು ಕೇಳದೆ ಎತ್ತಿ ಕಳಿಸಿದಳು. ಅಲ್ಲಿ ಅದನ್ನು ಊಟ ಮುಗಿಸಿದವರ ಕೈತೊಳೆಯುವ ನೀರಿಗೆ ಇಟ್ಟಿದ್ದರು. ಹಿಂತಿರುಗಿದ ಸುಬ್ಬಮ್ಮ ಹಂಡೆಯ ಹೊಟ್ಟೆಯಲ್ಲಿ ಬಿದ್ದ ಗುಳಿ ನೋಡಿ ಕಿರುಚಿದಾಗ ಮುನಿಯಲ್ಲಮ್ಮ, "ಮೂಲೇಲಿ ಬಿದ್ದಿದ್ ಅಂಡೆ ಊರಿಗೆ ಉಪಯೋಗಕ್ ಬಂತು. ನೀನೂ ಮೂಲೇಲೇ ಇದ್ದೀಯ ಅಕ್ಕ, ಬೇಕಾದ್ರೆ ಏಳು, ನಿನ್ನೂ ಬಾಡಿಗೆಗ್ ಕಳಿಸ್ತೀನಿ" ಎಂದಳು. ಹಂಡೆಯನ್ನು ತನ್ನ ಉಗ್ರಾಣಕ್ಕೆ ಉರುಳಿಸಿಕೊಂಡು ಹೋದಳು. ಅವಳ ಬಾಯಿಂದ ಸುಬ್ಬಮ್ಮ ಕೇಳಿದ ಕೊನೆಯ 'ಅಕ್ಕ' ಅದು.

ಅಲ್ಲಿಂದ ಇಬ್ಬರೂ ಮಾತು ಬಿಟ್ಟರು. ಮಾತು ಬಿಟ್ಟರೆಂದರೆ ಬೈಗಳ ಬಿಟ್ಟರೆಂದು ಅರ್ಥವಲ್ಲ. ಎರಡೂ ಮನೆಗಳ ಹಿಂಬಾಗಿಲು ತೆರೆಯುತ್ತಿದ್ದ ಸಂದಿಯಲ್ಲಿ ಒಂದು ಒಗೆಯುವ ಕಲ್ಲಿತ್ತು. ಹೇಳಬೇಕಾದದ್ದನ್ನೆಲ್ಲ ಇಬ್ಬರೂ ಆ ಕಲ್ಲಿಗೆ ಹೇಳುತ್ತಿದ್ದರು.

"ಕಲ್ಲೇ, ನಿನ್ನ ಮ್ಯಾಲೆ ಸೀರೆ ಬಿದ್ದು ಎಷ್ಟ್ ದಿನ ಆಯ್ತೋ. ಕೆಲವ್ರ ಮನೇಲಿ ಒಗೆಯೋ ಪದ್ಧತೀನೇ ಇಲ್ಲ ಅಂತ ಕಾಣ್ತೈತೆ," ಎಂದು ಸುಬ್ಬಮ್ಮ.

"ಒಗೆಯೋರ ಕೈಗೆ ಬೇರೆ ಕೆಲ್ಸ ಐತೆ ಕಲ್ಲೇ. ಕೆಲವ್ರಿಗೆ ಬಾಯ್ ಒಂದೇ ಕೆಲ್ಸ," ಎಂದು ಒಳಗಿಂದ ಮುನಿಯಲ್ಲಮ್ಮ.

ಸುಬ್ಬಮ್ಮನ ಬಾಯಿಗೆ ಊರಿನಲ್ಲಿ ಒಳ್ಳೆಯ ಹೆಸರೂ ಇತ್ತು. ಸೋಬಾನೆ ಪದಕ್ಕೆ ಅವಳನ್ನು ಬಿಟ್ಟರೆ ಇನ್ನೊಬ್ಬಳಿರಲಿಲ್ಲ. ಅರಿಶಿನ ಹಚ್ಚುವಾಗ, ಹಸೆಗೆ ಕರೆಯುವಾಗ ಅವಳು ಮೊದಲ ಸಾಲು ಎತ್ತಿದ ಮೇಲೆಯೇ ಉಳಿದ ಹೆಂಗಸರು ದನಿ ಕೂಡಿಸುತ್ತಿದ್ದರು. ಏರ್‌ಪೋರ್ಟ್ ರಸ್ತೆ ಅಗಲವಾಗಿ, ಹೊಲಗಳ ಮೇಲೆ ಕಲ್ಯಾಣಮಂಟಪಗಳು ಎದ್ದು, ಸ್ಪೀಕರುಗಳಲ್ಲಿ ಹಾಡು ಬರತೊಡಗಿದ ಮೇಲೂ ಹಳೆಯ ಮನೆತನದವರು ಅವಳನ್ನು ಕರೆಯುವುದನ್ನು ಬಿಟ್ಟಿರಲಿಲ್ಲ. ಅದೊಂದೇ ಅವಳ ಸ್ವಂತ ಆಸ್ತಿ.

ಶ್ರಾವಣದ ಮದುವೆಗಳ ಕಾಲದಲ್ಲಿ ಮುನಿಯಲ್ಲಮ್ಮ ಬಿದ್ದಳು. ಉಗ್ರಾಣದ ಅಟ್ಟದಿಂದ ದೊಡ್ಡ ಕೊಳಗವೊಂದನ್ನು ಎಳೆಯುವಾಗ ಏಣಿ ಜಾರಿ, ಕೆಳಗಿದ್ದ ಕಬ್ಬಿಣದ ಒಲೆಯ ಚೌಕಟ್ಟಿನ ಮೇಲೆ ಬೆನ್ನಡಿಯಾಗಿ ಬಿದ್ದಳು. ಎರಡು ಹೆಗಲೆಲುಬುಗಳ ನಡುವೆ ಬೆನ್ನುಮೂಳೆ ಮುರಿದು ಒಳಗಿನ ಹುರಿ ಜಜ್ಜಿಹೋಗಿತ್ತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಅವಳಿಗೆ ಉಳಿದದ್ದು ತಲೆ, ಎರಡು ತೋಳು ಮತ್ತು ನಾಲಿಗೆ. ಎದೆಯ ಕೆಳಗೆ ಬಿಸಿ ಇಲ್ಲ, ತಣ್ಣಗಿಲ್ಲ, ನೋವಿಲ್ಲ. ಮೂತ್ರಕ್ಕೆ ಪೈಪು, ಮಂಚದ ಪಕ್ಕದಲ್ಲಿ ತೂಗುವ ಚೀಲ. ಹೊಟ್ಟೆಗೆ ಅಗಲವಾದ ಪಟ್ಟಿ.

ಸುಬ್ಬಮ್ಮ ನೋಡಲು ಹೋಗಲಿಲ್ಲ. ಮಾತು ಬಿಟ್ಟ ಮನೆಗೆ ಹೇಗೆ ಹೋಗುವುದು? ಗೋಡೆಗೆ ಕಿವಿ ಇಟ್ಟು ಎಲ್ಲವನ್ನೂ ತಿಳಿದುಕೊಂಡಳು. ಮುನಿಯಲ್ಲಮ್ಮ ವ್ಯಾಪಾರ ಬಿಡಲಿಲ್ಲವೆಂಬುದು ಅವಳಿಗೆ ತಿಳಿದದ್ದೂ ಹಾಗೆಯೇ. ಬಂದ ಪಾತ್ರೆಗಳನ್ನೆಲ್ಲ ಈಗ ಮಂಚದ ಪಕ್ಕಕ್ಕೇ ತಂದಿಡಬೇಕಿತ್ತು. ಒಂದು ಏಟು, ಮೌನ, ಮತ್ತೊಂದು ಏಟು.

ಮೊದಮೊದಲು ಮುನಿಯಲ್ಲಮ್ಮನನ್ನು ಕೂರಿಸಿದರೆ ಸಾಕು, ಕಣ್ಣು ಕತ್ತಲೆ ಬಂದು ವಾಲಿಬಿಡುತ್ತಿದ್ದಳು. ಕೂತಾಗ ರಕ್ತ ಕಾಲಿಗಿಳಿಯುತ್ತದೆ. ಅದನ್ನು ಮೇಲಕ್ಕೆ ಒತ್ತಿ ಹಿಡಿಯಬೇಕಾದ ನಾಳಗಳಿಗೆ ಮಿದುಳಿನ ಅಪ್ಪಣೆ ತಲುಪುತ್ತಿರಲಿಲ್ಲ. ಆಗ ಆನಂದಪ್ಪ ಅವಳನ್ನು ಚಪ್ಪಟೆ ಮಲಗಿಸಿ, ಕಾಲ ಕೆಳಗೆ ದಿಂಬು ಕೊಡುತ್ತಿದ್ದ. ಸ್ವಲ್ಪ ಹೊತ್ತಿಗೆ ಚೇತರಿಸಿಕೊಳ್ಳುತ್ತಿದ್ದಳು. ಅದಕ್ಕೆ ಅದೇ ಸರಿಯಾದ ಉಪಚಾರ. ಆದರೆ ಮನೆಯವರು ಅದನ್ನೇ ಎಲ್ಲದಕ್ಕೂ ಉಪಚಾರವೆಂದು ಕಲಿತುಬಿಟ್ಟರು.

ಒಂದು ಮಧ್ಯಾಹ್ನ ಸುಬ್ಬಮ್ಮ ಸಂದಿಯಲ್ಲಿ ಸಂಡಿಗೆ ಒಣಗಹಾಕುತ್ತಾ ಕಲ್ಲಿಗೆ ಹೇಳಿದಳು: "ಕಲ್ಲೇ, ದೇವ್ರು ದೊಡ್ಡೋನು ಕಣೆ. ಕಂಡೋರ ಅಂಡೆ ಎತ್ತಿದ ಕೈ ಬಿಟ್ಟ, ಕಾಲು ಕಿತ್ಕೊಂಡ."

ಆ ಮಾತು ಆಡಬಾರದಿತ್ತು. ಆದರೆ ಆಡಿದಳು. ಆಡಿ ಬಾಯಿ ಮುಚ್ಚುವಷ್ಟರಲ್ಲಿ ಒಳಗೆ ಹರ್ಷಿತಾ ಕೂಗಿಕೊಂಡಳು.

"ಅಪ್ಪಾ, ಬೇಗ ಬಾ! ಅಮ್ಮನ ಮುಖ ನೋಡು, ಹೆಂಗೆ ಕೆಂಪಾಗಿದೆ! ಬೆವ್ರು ಹಂಗೇ ಸುರೀತಿದೆ!"

ಮುನಿಯಲ್ಲಮ್ಮನಿಗೆ ತಲೆ ಸಿಡಿಯುವಂಥ ನೋವು, ತೋಳಿನ ಮೇಲೆ ಮುಳ್ಳೆದ್ದ ರೋಮ, ಕಟ್ಟಿದ ಮೂಗು. ಆನಂದಪ್ಪ ಅವಳನ್ನು ಮಲಗಿಸಿ ಕಾಲು ಎತ್ತರಿಸಿದ. ನೋವು ಇನ್ನೂ ಏರಿತು. ಮನೆಯಲ್ಲಿದ್ದ ಬಿಪಿ ಯಂತ್ರ ಕಟ್ಟಿದರೆ, ದಿನವೂ ತೊಂಬತ್ತರ ಆಸುಪಾಸಿನಲ್ಲಿರುತ್ತಿದ್ದ ಒತ್ತಡ ಇನ್ನೂರು ದಾಟಿತ್ತು. ಒದ್ದೆಯಾದ ಹಾಸಿಗೆ ಬದಲಿಸಲೆಂದು ಹರ್ಷಿತಾ ಅವಳನ್ನು ಪಕ್ಕಕ್ಕೆ ಹೊರಳಿಸಿದಳು. ಹೊರಳಿಸಿದಾಗ ಏನಾಯಿತೋ, ಚೀಲ ತುಂಬತೊಡಗಿತು, ನೋವು ಇಳಿಯಿತು. ಚೀಲದ ಕಡೆ ಯಾರೂ ನೋಡಲಿಲ್ಲ. ಎಲ್ಲರೂ ಸಂದಿಯ ಕಡೆ ನೋಡಿದರು.

ಮುನಿಯಲ್ಲಮ್ಮ ಉಸಿರು ತಿರುಗಿದೊಡನೆ ಹೇಳಿದ್ದು ಒಂದೇ ಮಾತು. "ಇವ್ಳ ಬಾಯಿ ನನ್ನ ಸಾಯಿಸ್ತೈತೆ."

ವಾರದೊಳಗೆ ಪಂಚಾಯ್ತಿ ಕೂಡಿತು. ಮನೆತನಕ್ಕೆ ಹಿರಿಯಳಾದ, ಆನಂದಪ್ಪನ ಸೋದರತ್ತೆ ದೊಡ್ಡಮುನಿಯಮ್ಮ ಜಗಲಿಯ ಮೇಲೆ ಕೂತು, ಎಲೆಯಡಿಕೆ ಮೆಲ್ಲುತ್ತಾ ತೀರ್ಪು ಕೊಟ್ಟಳು. "ನೋಡು ಸುಬ್ಬಿ, ಕೈಯಲ್ಲಿ ಒಡೆದ್ರೆ ಗಾಯ ಕಾಣ್ತೈತೆ, ಇದು ಕಾಣಕಿಲ್ಲ. ನಿನ್ನ ಮಾತಿಗೆ ಅವ್ಳ ಬಿಪಿ ಏರ್ತೈತೆ. ಸಂದಿ ಬಾಗ್ಲಿಗೆ ಬೀಗ ಆಕು. ಬೀಗದ ಕೈ ನನ್ ತಾವ ಇರ್ಲಿ."

"ನಾನೇನ್ ಇಸ ಆಕಿದ್ನಾ ಅತ್ತೆ?"

"ಇಸಾನೇ ಕಣೆ. ಬಾಯಿಂದ ಆಕ್ದೆ."

ಸುಬ್ಬಮ್ಮನ ಗಂಡ ಮುನಿಕೃಷ್ಣಪ್ಪ ಅಲ್ಲೇ ಕೂತಿದ್ದ. ಒಂದು ಮಾತೂ ಆಡಲಿಲ್ಲ. ಅವನ ಆ ಮೌನವನ್ನು ಸುಬ್ಬಮ್ಮ ಇಂದಿಗೂ ಅವನಿಗೆ ಬಡಿಸುವ ಅನ್ನದ ಜೊತೆಗೆ ಬಡಿಸುತ್ತಾಳೆ.

ಬೀಗ ಬಿತ್ತು. ಸಂದಿಯ ಕಲ್ಲು ಅವಳ ಪಾಲಿಗೆ ಇಲ್ಲವಾಯಿತು. ಅದಕ್ಕಿಂತ ಹೆಚ್ಚಿನದೊಂದು ಹೋಯಿತು. ಮುಂದಿನ ಮದುವೆಗೆ ಅವಳಿಗೆ ಕರೆ ಬರಲಿಲ್ಲ; ಅದರ ಮುಂದಿನದಕ್ಕೂ ಇಲ್ಲ. ಹಸೆಯ ಮೇಲೆ ಕೂತ ಮದುಮಗಳ ಮುಂದೆ, ಮನುಷ್ಯರ ಪ್ರಾಣ ಹಿಂಡುವ ಬಾಯಿಯಿಂದ ಸೋಬಾನೆ ಹೇಳಿಸಲು ಯಾರಿಗೆ ಧೈರ್ಯ? ಬೀದಿಯಲ್ಲಿ ಹೋದರೆ ಬಸುರಿಯರು ಒಳಗೆ ಸರಿಯುತ್ತಿದ್ದರು. ಮುನಿಯಲ್ಲಮ್ಮ ಸತ್ತರೆ ತಾನು ಕೊಲೆಗಾತಿಯಾಗಿ ಬದುಕಬೇಕೆಂಬುದು ಸುಬ್ಬಮ್ಮನಿಗೆ ಸ್ಪಷ್ಟವಾಯಿತು. ವಾರಗಿತ್ತಿ ಬದುಕಿರಲೆಂದು ಅವಳು ದೇವರಿಗೆ ಕೈಮುಗಿದದ್ದು ಆಗಲೇ, ಹಲ್ಲು ಕಚ್ಚಿಕೊಂಡು.

ಬೀಗ ಬಿದ್ದ ಮೇಲೂ ಬಿಪಿ ಏರಿತು. ಸುಬ್ಬಮ್ಮ ತುಟಿ ಹೊಲಿದುಕೊಂಡಂತೆ ಇದ್ದ ದಿನಗಳಲ್ಲೂ ಗೋಡೆಯ ಆಚೆ ಅದೇ ಕೂಗು, ಅದೇ ಓಡಾಟ. ಆಗಲೂ ಜನ ಹೇಳಿದರು, ಅವಳ ಕೆಮ್ಮು ಕೇಳಿದರೂ ಪಾಪ ಮುನಿಯಲ್ಲಮ್ಮನಿಗೆ ಹಾಗಾಗುತ್ತದಂತೆ.

ಆಸ್ಪತ್ರೆಯಿಂದ ಆಗಾಗ ಒಬ್ಬ ನರ್ಸು ಪೈಪು ಬದಲಿಸಲು ಬರುತ್ತಿದ್ದಳು. ಒಂದು ದಿನ ಅವಳು ಕೆಲಸ ಮುಗಿಸಿ ಹೊರಟಾಗ ಸುಬ್ಬಮ್ಮ ಬೀದಿಬಾಗಿಲಲ್ಲೇ ಅಡ್ಡ ನಿಂತಳು. ಪಕ್ಕದ ಕಿಟಕಿ ತೆರೆದಿದೆ, ಒಳಗೆ ಮಂಚವಿದೆ ಎಂಬುದನ್ನು ನೋಡಿಕೊಂಡೇ ನಿಂತಿದ್ದಳು.

"ಸಿಸ್ಟರಮ್ಮ, ಒಂದು ಮಾತು. ಒಬ್ಳು ಬೈದ್ರೆ ಇನ್ನೊಬ್ಳಿಗೆ ಇನ್ನೂರ್ ಬಿಪಿ ಏರ್ತದಾ?"

ನರ್ಸು ನಕ್ಕಳು. "ಹಾಗಿದ್ದಿದ್ರೆ ನಮ್ಮತ್ತೆ ಕೈಲಿ ನಾನು ಯಾವತ್ತೋ ಹೋಗ್ಬೇಕಿತ್ತಲ್ಲಮ್ಮ."

"ನಗಬ್ಯಾಡ. ನನ್ ಬಾಳಿನ ಪ್ರಶ್ನೆ."

ನರ್ಸಿನ ನಗು ನಿಂತಿತು. ಹೆಗಲ ಚೀಲವನ್ನು ಜಗಲಿಯ ಮೇಲಿಟ್ಟಳು. "ನೋಡಿ ಅಮ್ಮ, ಮಿದುಳು ಅನ್ನೋದು ನಿಮ್ಮ ಬೀದಿಗೆ ನೀರು ಬಿಡೋ ವಾಟರ್‌ಮನ್ ಇದ್ದ ಹಾಗೆ. ಯಾವ ವಾಲ್ವು ಬಿಗಿ ಮಾಡ್ಬೇಕು, ಯಾವ್ದು ಸಡಿಲ ಬಿಡ್ಬೇಕು ಅನ್ನೋ ಆರ್ಡರ್ ಬೆನ್ನುಹುರಿ ಒಳಗಿಂದ ಕೆಳಗಿಳೀಬೇಕು. ಇವ್ರಿಗೆ ಆ ದಾರಿ ಎದೆ ಹತ್ರಾನೇ ಕಡಿದು ಹೋಗಿದೆ. ಪೈಪು ಮಡಚಿ ಮೂತ್ರ ಒಳಗೇ ತುಂಬ್ಕೊಂಡ್ರೆ ಕೆಳಗಿನ ನರಗಳು ಕೂಗ್ಕೋತಾವೆ. ಆ ಕೂಗು ಮಿದುಳಿಗೆ ತಲುಪಲ್ಲ. ಗಾಯದ ಕೆಳಗಿರೋ ಹುರಿಗೆ ಇನ್ನೂ ಜೀವ ಇದೆ, ಆದ್ರೆ ಅದಕ್ಕೆ ಹೇಳೋರಿಲ್ಲ, ಕೇಳೋರಿಲ್ಲ. ಗಾಬರಿ ಬಿದ್ದು ಕೆಳಗಿನ ವಾಲ್ವೆಲ್ಲ ಒಟ್ಟಿಗೆ ಬಿಗಿ ಹಿಡಿಯತ್ತೆ. ಬಿಪಿ ಹಾಗೇ ಮೇಲಕ್ಕೇರತ್ತೆ."

"ಮಿದುಳಿಗೆ ಗೊತ್ತಾಗಕಿಲ್ವಾ?"

"ಬಿಪಿ ಏರಿದ್ದು ಗೊತ್ತಾಗತ್ತೆ. ಸಡಿಲ ಬಿಡಿ, ಸಡಿಲ ಬಿಡಿ ಅಂತ ಆರ್ಡರ್ ಕಳಿಸ್ತಾನೇ ಇರತ್ತೆ. ಅದು ಎದೆ ದಾಟಲ್ಲ. ಅದು ತಲುಪೋ ಮೇಲಿನ ಭಾಗದಲ್ಲಿ ಮಾತ್ರ ಕೆಲಸ ಆಗಿ ಮುಖ ಕೆಂಪಾಗತ್ತೆ, ಬೆವರು ಸುರಿಯತ್ತೆ, ನಾಡಿ ನಿಧಾನ ಆಗತ್ತೆ. ಪೈಪು ಮಡಚಿದ್ರೆ, ಹೊಟ್ಟೆ ಕಟ್ಟಿದ್ರೆ, ಹಾಸಿಗೆ ಹುಣ್ಣಾದ್ರೆ, ಬಟ್ಟೆ ಬಿಗಿಯಾದ್ರೆ ಹೀಗಾಗೋದು. ಬೈಗಳಕ್ಕೆ ಎದೆ ಒಂದಿಷ್ಟು ಹೊಡ್ಕೋಬಹುದು, ಅಷ್ಟೇ. ಮೊದ್ಲು ಎತ್ತಿ ಕೂರಿಸ್ಬೇಕು, ಕಾಲು ಕೆಳಗೆ ಬಿಡ್ಬೇಕು, ಬಿಗಿ ಸಡಿಲಿಸಿ ಪೈಪು ನೋಡ್ಬೇಕು. ಇಳೀದಿದ್ರೆ ಆಸ್ಪತ್ರೆ. ಯಾವ ಕಾರಣಕ್ಕೂ ಮಲಗಿಸ್ಬಾರ್ದು, ತಲೇಲಿ ನಾಳ ಒಡೀಬಹುದು. ಇದನ್ನೆಲ್ಲ ಡಿಸ್ಚಾರ್ಜ್ ದಿನಾನೇ ಇವ್ರಿಗೂ ಇವ್ರ ಯಜಮಾನ್ರಿಗೂ ಹೇಳಿದ್ವಲ್ಲ!"

ಸುಬ್ಬಮ್ಮ ಕಿಟಕಿಯ ಕಡೆ ತಿರುಗಿದಳು. "ಕೇಳಿಸ್ತಾ, ಕಿಟಕಿ? ನನ್ ಬಾಯಲ್ಲ. ಉಚ್ಚೆ ಪೈಪು!"

ಒಳಗಿಂದ ಸೌಟು ಗೋಡೆಗೆ ಬಂದು ಬಡಿಯಿತು.

"ಕಿಟಕಿ, ಆ ಸಿಸ್ಟರ್‌ಗೆ ಏಳು," ಎಂದಳು ಮುನಿಯಲ್ಲಮ್ಮ. "ನನ್ ಕೋಪಕ್ಕೆ ಬಿಪಿ ಏರ್ತೈತೆ. ನನ್ ಕೋಪ ಏನು ಅಂತ ಈ ಊರಿಗೆಲ್ಲ ಗೊತ್ತೈತೆ. ಪೈಪಿಗೆ ಏರಕ್ಕೆ ನಾನೇನ್ ಬೋರ್‌ವೆಲ್ಲಾ?"

ನರ್ಸು ತಲೆಯಾಡಿಸುತ್ತಾ ಹೋದಳು. ಸುಬ್ಬಮ್ಮ ಮಾತ್ರ ಅಲ್ಲೇ ನಿಂತಳು. ಗೆದ್ದ ಸಂತೋಷ ಬರಬೇಕಿತ್ತು, ಬರಲಿಲ್ಲ. ಆ ಹೆಂಗಸು ಯಾಕೆ ಒಪ್ಪುವುದಿಲ್ಲವೆಂಬುದು ಊರಿನಲ್ಲಿ ಇನ್ನಾರಿಗೂ ಅರ್ಥವಾಗದಷ್ಟು ಚೆನ್ನಾಗಿ ಅವಳಿಗೆ ಅರ್ಥವಾಗಿತ್ತು. ಕಾಲು ಹೋಯಿತು, ಸೊಂಟ ಹೋಯಿತು, ಉಳಿದದ್ದು ಕೋಪ. ಅದೂ ಎದೆಯ ಗೆರೆ ದಾಟಿ ಕೆಳಗಿಳಿಯುವುದಿಲ್ಲ, ಅರ್ಧ ಮೈಯನ್ನಾದರೂ ಅಲುಗಿಸಲಾರದು ಎಂದು ಯಾವಳೋ ಬಂದು ಹೇಳಿದರೆ ಒಪ್ಪುವುದು ಹೇಗೆ? ತಾನಾಗಿದ್ದರೂ ಒಪ್ಪುತ್ತಿರಲಿಲ್ಲ. ಹಾಗನ್ನಿಸಿದ್ದಕ್ಕೆ ಸುಬ್ಬಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು.

ದೊಡ್ಡಮುನಿಯಮ್ಮನ ಮುಂದೆ ನರ್ಸಿನ ಮಾತನ್ನೆಲ್ಲ ಹೇಳಿದ್ದಾಯಿತು. ಮುದುಕಿ, "ರೋಗಿ ಒಪ್ಪಿದ್ರೆ ಬೀಗದ ಕೈ ಕೊಡ್ತೀನಿ" ಎಂದಳು. ರೋಗಿ ಒಪ್ಪಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸುಬ್ಬಮ್ಮ ತಾಳ್ಮೆ ಕಳೆದುಕೊಂಡಳು. ಅವಳೇ ಎತ್ತಿ ಆಡಿಸಿದ ಹುಡುಗಿಯ ಮದುವೆ ಹಿಂದಿನ ದಿನ ಎರಡು ಬೀದಿ ಆಚೆ ನಡೆದಿತ್ತು. ಅರಿಶಿನಕ್ಕೆ ಕರೆ ಬಂದಿರಲಿಲ್ಲ. ಆ ಮದುವೆಗೆ ಪಾತ್ರೆ ಮಾತ್ರ ಮುನಿಯಲ್ಲಮ್ಮನವೇ ಹೋಗಿದ್ದವು. ಸುಬ್ಬಮ್ಮ ಮಹಡಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಬೈದಳು. ಕಲ್ಲಿನ ಹೆಸರನ್ನೂ ಹಿಡಿಯಲಿಲ್ಲ. "ನನ್ ಪದ ನುಂಗ್ದೋಳೇ, ನಿನ್ ಕೊಳಗ ತೂತಾಗ್ಲಿ!" ಎಂಬಲ್ಲಿಗೆ ಬಂದಾಗ ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಜನ ನಿಂತಿದ್ದರು.

ಅಂದು ಮಧ್ಯಾಹ್ನ ಆನಂದಪ್ಪ ಸಹಕಾರನಗರಕ್ಕೆ ಪಾತ್ರೆ ಇಳಿಸಲು ಹೋಗಿದ್ದ. ಹರ್ಷಿತಾ ಕೆಲಸಕ್ಕೆ ಹೋಗಿದ್ದಳು. ಅಡುಗೆ ಕಂಟ್ರಾಕ್ಟರ್ ವಿಜಯ್ ಕುಮಾರ್ ಮದುವೆಮನೆಯ ಕೊಳಗಗಳನ್ನು ವಾಪಸು ತಂದು, ಮುನಿಯಲ್ಲಮ್ಮ ತೋರಿಸಿದಲ್ಲಿ, ಅಂದರೆ ಮಂಚದ ಪಕ್ಕದಲ್ಲಿ, ಒಂದೊಂದಾಗಿ ಇಡಿಸಿದ. ಗೋಡೆಯ ಈಚೆ ಕೂತ ಸುಬ್ಬಮ್ಮನಿಗೆ ಎಂದಿನ ಸದ್ದು ಕೇಳಿಸಿತು. ಒಂದು ಏಟು, ಮೌನ. ಮತ್ತೊಂದು ಏಟು, ಮೌನ.

ಆಮೇಲೆ ಸದ್ದು ಬದಲಾಯಿತು. ಏಟಿನ ಹಿಂದೆ ಏಟು ಬೀಳುತ್ತಿತ್ತು. ನಡುವೆ ಮೌನವಿರಲಿಲ್ಲ.

ಬೀದಿಯವರಿಗೆ ಅದು ಪಾತ್ರೆ ಪರೀಕ್ಷೆ. ಸುಬ್ಬಮ್ಮನ ಕೈಯಲ್ಲಿದ್ದ ಮುದ್ದೆಯ ಕೋಲು ನಿಂತಿತು. ಪಾತ್ರೆಯ ದನಿ ಕೇಳುವವಳು ಹಾಗೆ ಬಡಿಯುವುದಿಲ್ಲ. ಅವಳು ಕರೆಯುತ್ತಿದ್ದಳು. ಯಾರ ಹೆಸರನ್ನೂ ಹಿಡಿಯದೆ ಕರೆಯುತ್ತಿದ್ದಳು.

ಸುಬ್ಬಮ್ಮ ಎದ್ದಳು, ಮತ್ತೆ ಕೂತಳು. ಬೆಳಿಗ್ಗೆ ತಾನು ಬೈದದ್ದನ್ನು ಇಡೀ ಬೀದಿ ಕೇಳಿದೆ. ಇಂದು ಅವಳು ಸತ್ತರೆ ಪೈಪಿನ ಮಾತು ಯಾರೂ ಎತ್ತುವುದಿಲ್ಲ. ಹೋದರೆ ನೋಡಲು ಬಂದಳೆನ್ನುತ್ತಾರೆ, ಹೋಗದಿದ್ದರೆ ಕೊಂದಳೆನ್ನುತ್ತಾರೆ. ಅಷ್ಟರಲ್ಲಿ ಸೌಟು ಕೆಳಗೆ ಬಿದ್ದ ಸದ್ದು ಕೇಳಿಸಿತು; ಮುಂದೆ ಏನೂ ಕೇಳಿಸಲಿಲ್ಲ. ಸಂದಿಯ ಬಾಗಿಲಿಗೆ ಓಡಿದಳು. ಬೀಗ. ಆ ಬೀಗಕ್ಕೆ ಉಗುಳಿ, ಮುಂಬಾಗಿಲಿನಿಂದ ಬೀದಿಗಿಳಿದು, ಸುತ್ತು ಹಾಕಿ ವಾರಗಿತ್ತಿಯ ಹೊಸ್ತಿಲು ತುಳಿದಳು.

ಉಗ್ರಾಣದಲ್ಲಿ ಉಳಿದ ಪಾತ್ರೆ ಎಣಿಸುತ್ತಿದ್ದ ವಿಜಯ್ ಕುಮಾರ್ ಸೌಟು ಬಿದ್ದ ಸದ್ದಿಗೆ ಒಳಗೆ ಬಂದು, ದಿಂಬುಗಳನ್ನೆಲ್ಲ ತೆಗೆದು ಮುನಿಯಲ್ಲಮ್ಮನನ್ನು ಚಪ್ಪಟೆ ಮಲಗಿಸಿ, ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಎತ್ತಿಡುತ್ತಿದ್ದ.

"ಬಿಡೋ ಕಾಲು!"

"ಅಯ್ಯೋ ಸುಬ್ಬಮ್ನೋರೇ, ಬಿಪಿ ಕಣ್ರೀ. ಆನಂದಣ್ಣ ಹಿಂಗೇ ಮಾಡ್ತಾರೆ, ನಾನ್ ನೋಡಿದ್ದೀನಿ. ನೀವ್ ಮೊದ್ಲು ಆಚೆ ಹೋಗಿ, ನಿಮ್ಮನ್ ನೋಡಿ ಇನ್ನೂ ಏರತ್ತೆ."

"ಏರಿದ್ರೆ ನಿನ್ ತಲೆ ಮ್ಯಾಲೆ ಏರ್ಲಿ. ಇಡ್ಕೊ ಆ ಕಡೆ ತೋಳು. ಎತ್ತು!"

ಮುನಿಯಲ್ಲಮ್ಮನ ಮುಖ ಕುದಿಸಿದ ಬೀಟ್‌ರೂಟಿನಂತಾಗಿತ್ತು. ಕತ್ತಿನಿಂದ ಬೆವರು ಹರಿಯುತ್ತಿತ್ತು. ಸುಬ್ಬಮ್ಮ ಮುಟ್ಟಿದ ಕಾಲು ಮಾತ್ರ ಒಣಗಿ ತಣ್ಣಗಿತ್ತು. ಕಣ್ಣು ಅರೆ ತೆರೆದು ಅವಳು ಬಂದವಳನ್ನು ಗುರುತಿಸಿದಳು.

"ಕಲ್ಲೇ... ಇವ್ಳು ನನ್ ಮುಟ್ಬಾರ್ದು ಅಂತ ಏಳು."

"ಕಲ್ಲು ಸಂದೀಲೈತೆ. ಬೀಗ ಆಕ್ಸಿದ್ದೀಯಲ್ಲ, ಅದುಕ್ಕೆ ಕೇಳ್ಸಕಿಲ್ಲ," ಎಂದಳು ಸುಬ್ಬಮ್ಮ, ನೇರವಾಗಿ ಅವಳಿಗೇ. "ಕೂತ್ಕೊಂಡ್ ಬೈಯಿ. ಮಲಗಿ ಬೈದ್ರೆ ಸಾಯ್ತೀಯ."

ಇಬ್ಬರೂ ಸೇರಿ ಅವಳನ್ನು ಎತ್ತಿ ಕೂರಿಸಿದರು. ಸುಬ್ಬಮ್ಮ ಅವಳ ಬೆನ್ನಿಗೆ ತನ್ನ ಎದೆ ಕೊಟ್ಟು, ಕಾಲುಗಳನ್ನು ಮಂಚದ ಕೆಳಗೆ ಇಳಿಬಿಡಿಸಿದಳು. ಹೊಟ್ಟೆಯ ಪಟ್ಟಿಯನ್ನು ಕಿತ್ತೆಸೆದಳು, ಲಂಗದ ಲಾಡಿ ಬಿಚ್ಚಿದಳು. ಚೀಲ ನೋಡಿದಳು. ಖಾಲಿ.

"ತಲೆ... ಸೀಳ್ತೈತೆ ಕಣೆ..."

"ಸೀಳ್ದೆ ಇರ್ತೈತಾ ಮತ್ತೆ! ಬಾಯ್ ಮುಚ್ಚಿರು."

ಕೈಯಿಂದ ಪೈಪನ್ನು ಸವರುತ್ತಾ ಹೋದಳು. ತೊಡೆಯ ಕೆಳಗೆ ಮಡಚಿರಲಿಲ್ಲ, ಮಂಚದ ಪಟ್ಟಿಗೆ ಸಿಕ್ಕಿರಲಿಲ್ಲ. ನೆಲಕ್ಕೆ ಇಳಿದು ಬಿದ್ದಿದ್ದ ಅದರ ಬಾಗಿನ ಮೇಲೆ ಮದುವೆಮನೆಯಿಂದ ಬಂದ ಆ ದೊಡ್ಡ ಕೊಳಗ ಕೂತಿತ್ತು. ಮಂಚದ ಹತ್ತಿರಕ್ಕೇ ಇಡು, ಸೌಟು ನಿಲುಕಬೇಕು ಎಂದು ಮುನಿಯಲ್ಲಮ್ಮನೇ ಇಡಿಸಿದ್ದು.

ಸುಬ್ಬಮ್ಮ ಆ ಕೊಳಗವನ್ನು ಕಾಲಿನಿಂದ ಒದ್ದಳು. ಅದು ಉರುಳಿ ಗೋಡೆಗೆ ಬಡಿದು, ಒಡಕಿಲ್ಲದ ದೊಡ್ಡ ದನಿಯಲ್ಲಿ ಮೊಳಗಿತು. ಪೈಪಿನಲ್ಲಿ ಮೂತ್ರ ನುಗ್ಗಿ ಚೀಲಕ್ಕೆ ಇಳಿಯತೊಡಗಿತು. ಮೂವರೂ ಅದನ್ನೇ ನೋಡುತ್ತಿದ್ದರು. ಚೀಲ ಉಬ್ಬುತ್ತಿದ್ದಂತೆ ಮುನಿಯಲ್ಲಮ್ಮನ ಮುಖದ ಕೆಂಪು ಇಳಿಯಿತು, ಉಸಿರು ಹದಕ್ಕೆ ಬಂತು. ಒತ್ತಡ ಕೆಳಗಿಳಿದು ತಲೆ ಸುತ್ತಿದಾಗ ಅವಳು ಸುಬ್ಬಮ್ಮನ ಭುಜಕ್ಕೆ ಒರಗಿದಳು. ಒರಗದೆ ಬೇರೆ ದಾರಿಯಿರಲಿಲ್ಲ.

"ಯಾವನಪ್ಪ ಅದು ಪೈಪ್ ಮ್ಯಾಲೆ ಕೊಳಗ ಇಟ್ಟೋನು?" ಎಂದು ಸುಬ್ಬಮ್ಮ ಕೇಳಿದಳು.

"ನಮ್ ಹುಡುಗ್ರು... ಇವ್ರೇ ಅಲ್ಲಿಡು ಅಂದ್ರು..." ಎಂದು ವಿಜಯ್ ಕುಮಾರ್ ಉರುಳಿದ ಕೊಳಗವನ್ನು ಎತ್ತಿ ನಿಲ್ಲಿಸಿದ.

"ನೆನಪಿಟ್ಕೊ. ನಾಳೆ ಪಂಚಾಯ್ತೀಲಿ ಏಳ್ಬೇಕು."

ಸಂಜೆ ಆಸ್ಪತ್ರೆಯ ಡಾಕ್ಟರು, ಕೂರಿಸಿದ್ದರಿಂದ ಬದುಕಿದರು ಎಂದು ಆನಂದಪ್ಪನಿಗೆ ಬೈದು ಹೇಳಿದರು. ಮರುದಿನ ಜಗಲಿಯ ಮೇಲೆ ಮತ್ತೆ ಪಂಚಾಯ್ತಿ ಕೂಡಿತು. ವಿಜಯ್ ಕುಮಾರ್ ಕಂಡದ್ದನ್ನು ಹೇಳಿದ. ಗಾಲಿಕುರ್ಚಿಯಲ್ಲಿ ಕೂತಿದ್ದ ಮುನಿಯಲ್ಲಮ್ಮನ ಕಡೆ ಎಲ್ಲರೂ ತಿರುಗಿದರು. ಸುಬ್ಬಮ್ಮ ಕೇಳಬಯಸಿದ್ದು ಒಂದೇ ಒಂದು ವಾಕ್ಯ: ಇವಳ ಬಾಯಿಂದಲ್ಲ.

"ಕೊಳಗ ಪೈಪಿನ ಮ್ಯಾಲಿದ್ದಿದ್ದು ದಿಟ," ಎಂದಳು ಮುನಿಯಲ್ಲಮ್ಮ, ಜಗಲಿಯ ಕಂಬಕ್ಕೆ. "ನಿನ್ನೆ ಬೆಳಿಗ್ಗೆ ಇವ್ಳು ಬೈದಿದ್ದೂ ದಿಟ. ಯಾವ್ದುಕ್ಕೆ ಏರ್ತು ಅಂತ ಬಿಪಿನೇ ಏಳ್ಬೇಕು."

"ಆಯ್ತು ಬಿಡು, ಇನ್ನೇನ್," ಎಂದು ದೊಡ್ಡಮುನಿಯಮ್ಮ ಬೀಗದ ಕೈಯನ್ನು ಸುಬ್ಬಮ್ಮನ ಮುಂದೆ ಎಸೆದಳು. "ಬಾಗ್ಲು ತೆಗ್ದುಕೊ."

ಬಾಗಿಲು ತೆರೆಯಿತು. ಹೆಸರು ಮಾತ್ರ ಪೂರ್ತಿ ಹಿಂದಿರುಗಲಿಲ್ಲ. ಸೋಬಾನೆಗೆ ಕರೆಯಲೋ ಬೇಡವೋ ಎಂದು ಜನ ಈಗಲೂ ಅನುಮಾನಿಸುತ್ತಿದ್ದರು. ರೋಗಿ ಬಾಯಿಬಿಟ್ಟು ಹೇಳಿಲ್ಲವಲ್ಲ. ಅಂದಿನಿಂದ ಸುಬ್ಬಮ್ಮ ದಿನವೂ ಸಂದಿಯಿಂದ ಒಳಗೆ ಬಂದು, ಪೈಪನ್ನು ತುದಿಯಿಂದ ತುದಿಗೆ ಸವರಿ, ಚೀಲ ನೋಡಿ, ಬೆನ್ನು ಹೊರಳಿಸಿ ಹುಣ್ಣಾಗಿದೆಯೇ ಎಂದು ಪರೀಕ್ಷಿಸಿ ಹೋಗುತ್ತಿದ್ದಳು. ಪ್ರೀತಿಯಿಂದೆಂದು ಯಾರೂ ತಪ್ಪು ತಿಳಿಯಬಾರದು. ಅವಳೇ ಹರ್ಷಿತಾಳಿಗೆ ಹೇಳಿದ್ದಳು: "ನಿಮ್ಮಮ್ಮ ಸಾಯ್ಲಿ, ನಾನ್ ಬ್ಯಾಡ ಅನ್ನಕಿಲ್ಲ. ಆದ್ರೆ ಬಿಪಿ ಏರಿ ಸಾಯ್ಬಾರ್ದು."

"ದೊಡ್ಡಮ್ಮ, ಹಂಗೆಲ್ಲ ಮಾತಾಡ್ಬೇಡಿ ಪ್ಲೀಸ್."

"ಮಾತಾಡ್ಲಿ ಬಿಡೆ," ಎಂದಿದ್ದಳು ಮಂಚದ ಮೇಲಿನವಳು ಸೂರಿಗೆ. "ಮಾತು ನಿಂತ್ರೆ ಪೈಪು ನೋಡೋದೂ ನಿಲ್ತೈತೆ."

ಬಿದ್ದ ಎರಡನೆಯ ವರ್ಷದ ಮಳೆಗಾಲದಲ್ಲಿ ಮುನಿಯಲ್ಲಮ್ಮನಿಗೆ ಶ್ವಾಸಕೋಶದಲ್ಲಿ ಕಫ ಕಟ್ಟಿ ಜ್ವರ ಬಂತು. ಕೆಮ್ಮಿ ಹೊರಹಾಕಲು ಹೊಟ್ಟೆಯ ಸ್ನಾಯುಗಳಿಗೆ ಶಕ್ತಿಯಿರಲಿಲ್ಲ. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಹೋದಳು. ಹರ್ಷಿತಾ ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದಳು, ಆನಂದಪ್ಪ ನೆಲದ ಮೇಲೆ ಕುಸಿದಿದ್ದ. ಡಾಕ್ಟರು ಹೊರಗೆ ಬಂದಾಗ ಸುಬ್ಬಮ್ಮ ಒಬ್ಬಳೇ ನೆಟ್ಟಗೆ ನಿಂತಿದ್ದಳು.

"ಡಾಕ್ಟ್ರೇ, ಓಗುವಾಗ ಬಿಪಿ ಎಷ್ಟಿತ್ತು?"

"ಬಿಪಿ ತುಂಬಾ ಇಳಿದುಹೋಗಿತ್ತಮ್ಮ. ಮೇಲಕ್ಕೆತ್ತೋಕೆ ಔಷಧಿ ಕೊಟ್ವಿ, ಆಗ್ಲಿಲ್ಲ."

"ಇಳಿದಿತ್ತು. ಏರಿರ್ಲಿಲ್ಲ?"

"ಇಲ್ಲ."

ಸುಬ್ಬಮ್ಮ ಹಿಂದೆ ನಿಂತಿದ್ದ ನೆಂಟರ ಕಡೆ ತಿರುಗಿದಳು. ದೊಡ್ಡಮುನಿಯಮ್ಮನನ್ನು ಹುಡುಕಿ, ಅವಳ ಕಣ್ಣಿಗೆ ಕಣ್ಣಿಟ್ಟು, "ಕೇಳಿಸ್ಕೊಂಡ್ರಾ ಅತ್ತೆ?" ಎಂದಳು. ಆಮೇಲೆ ಕೂತಳು, ಸೆರಗು ಬಾಯಿಗೆ ಒತ್ತಿಕೊಂಡಳು.

ಮುನಿಯಲ್ಲಮ್ಮ ಬಿಟ್ಟುಹೋದದ್ದು ಇಷ್ಟು:

ಗಂಡ ಆನಂದಪ್ಪ. ಈಗ ಪಾತ್ರೆ ಬಡಿದು ನೋಡುತ್ತಾನೆ. ದನಿಯ ಭೇದ ತಿಳಿಯದೆ ತೂತು ಕೊಳಗಗಳನ್ನು ಒಪ್ಪಿಕೊಳ್ಳುತ್ತಾನೆ.

ಮಗಳು ಹರ್ಷಿತಾ, ತಾಯಿಯ ಮೂಗು, ತಾಯಿಯ ಸಿಟ್ಟು.

ದೊಡ್ಡ ಕೊಳಗಗಳು, ಕೊಪ್ಪರಿಗೆಗಳು, ಜರಡಿಗಳು, ಬಕೆಟ್ಟುಗಳು, ಕುರ್ಚಿಗಳು, ಎರಡು ಶಾಮಿಯಾನ.

ಕಬ್ಬಿಣದ ಸೌಟು, ಹಿಡಿ ಸವೆದದ್ದು.

ಗಾಲಿಕುರ್ಚಿ, ಯಲಹಂಕದ ಒಬ್ಬರಿಗೆ ಕೊಟ್ಟಾಯಿತು. ಬಿಪಿ ಯಂತ್ರ, ಯಾರಿಗೂ ಕೊಟ್ಟಿಲ್ಲ.

ಅವಳು ಹೇಳದೆ ಉಳಿಸಿದ ಒಂದು ವಾಕ್ಯ.

ಗುಳಿ ಬಿದ್ದ ತಾಮ್ರದ ಹಂಡೆ. ಅದರ ವಿಷಯ ಆಸ್ಪತ್ರೆಗೆ ಹೊರಡುವ ಮುನ್ನ ಮಗಳಿಗೆ ಅಪ್ಪಣೆಯಾಗಿತ್ತು: "ಅಂಡೆ ಅವ್ಳಿಗೆ ಕೊಡ್ಬ್ಯಾಡ. ಅವ್ಳ ತಿಥಿಗೆ ಕಳ್ಸು. ಬಾಡಿಗೆ ತಗೋಬ್ಯಾಡ." ಹರ್ಷಿತಾ ಅದನ್ನು ಹುಣಿಸೆಹಣ್ಣು ಹಾಕಿ ಬೆಳಗಿ ಉಗ್ರಾಣದ ಬಾಗಿಲಲ್ಲೇ ಇಟ್ಟಿದ್ದಾಳೆ. ಸಂದಿಯ ಕಲ್ಲಿನ ಮೇಲೆ ಸೀರೆ ಒಗೆಯುವಾಗ ಸುಬ್ಬಮ್ಮನಿಗೆ ಅದು ಎದುರಿಗೇ ಕಾಣುತ್ತದೆ. ದಿನವೂ ಅದನ್ನು ನೋಡಿ, ಆ ಹೆಂಗಸಿಗಿಂತ ಮುಂಚೆ ತಾನು ಸಾಯದಿದ್ದದ್ದೇ ಒಳ್ಳೆಯದಾಯಿತು, ಸತ್ತಿದ್ದರೆ ತಿಥಿಗೂ ಬಾಡಿಗೆ ಕೀಳುತ್ತಿದ್ದಳು ಎಂದು ಕಲ್ಲಿಗೆ ಹೇಳುತ್ತಾಳೆ.